ಪಾಲಯ್ಯನ ಹೆಸರು ತೆಗೆದದ್ದು

ಊರೆಂದ ಮೇಲೆ ಬಾವಿ ಒಂದಿರಬೇಕು, ಕಟ್ಟೆ ಒಂದಿರಬೇಕು, ಪೆದ್ದ ಒಬ್ಬನಿರಬೇಕು. ಚಳ್ಳಕೆರೆ ಕಡೆಯ ಆ ಊರಿನಲ್ಲಿ ಬಾವಿ ಬತ್ತಿತ್ತು, ಕಟ್ಟೆ ಕುಸಿದಿತ್ತು, ಪೆದ್ದ ಮಾತ್ರ ಗಟ್ಟಿಮುಟ್ಟಾಗಿದ್ದ. ಅವನ ಹೆಸರು ಓಬಯ್ಯ. ವಯಸ್ಸು ಇಪ್ಪತ್ತೆಂಟು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ಅದೇ ಅವನ ತಾಯಿ ಬೋರಮ್ಮನ ಗೋಳು.

"ಹೇಳಿದ ಮಾತು ಕೇಳದ ಮಕ್ಕಳನ್ನ ಹೆತ್ತೋರು ಪುಣ್ಯವಂತರು ಕಣ್ರಮ್ಮಾ," ಎಂದು ಅವಳು ನಲ್ಲಿಯ ಹತ್ತಿರ ಹೇಳುತ್ತಿದ್ದಳು. "ನನ್ನ ಮಗ ಕೇಳ್ತಾನೆ!"

ಬೋರಮ್ಮನ ಗಂಡ ಪಾಲಯ್ಯ ಊರಿಗೆಲ್ಲ ಮೈಕಿನ ಪಾಲಯ್ಯ. ಆಟೋಗೆ ಮೈಕು ಕಟ್ಟಿಕೊಂಡು, ಯಾರ ಹಸು ಕಳೆದಿದೆ, ನೀರು ಯಾವಾಗ ಬಿಡುವುದಿಲ್ಲ, ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ ಎಂದು ಬೀದಿ ಬೀದಿಯಲ್ಲಿ ಸಾರುತ್ತಿದ್ದ. ಮೂವತ್ತು ವರ್ಷ ಊರಿನಲ್ಲಿ ಸತ್ತವರ ಹೆಸರನ್ನೆಲ್ಲ ಕೂಗಿದ. ಹೋದ ವರ್ಷ ಅವನೇ ಹೋದ. ಅವನ ಹೆಸರು ಕೂಗಲು ಯಾರೂ ಇರಲಿಲ್ಲ.

ಅವನು ಬಿಟ್ಟುಹೋದದ್ದು ಬಸ್‌ಸ್ಟ್ಯಾಂಡಿನ ಪಕ್ಕದ ಒಂದು ಅಂಗಡಿ, ಬಾಗಿಲ ಮೇಲೆ 'ಪಾಲಯ್ಯ ಪ್ರಿಂಟರ್ಸ್' ಎಂಬ ಬೋರ್ಡು, ಒಳಗೆ ಒಂದು ಹಳೆಯ ಕಂಪ್ಯೂಟರು, ಕಂಪ್ಯೂಟರಿನೊಳಗೆ 'ಪಾಲಯ್ಯ' ಎಂಬ ಹೆಸರಿನಲ್ಲಿ ಇಟ್ಟಿದ್ದ ಅವನ ದನಿ. ಯಾವಾಗಲೋ ಸಾರುವುದಕ್ಕೆಂದು ರೆಕಾರ್ಡು ಮಾಡಿದ್ದು. "ಸಾರ್ವಜನಿಕರಲ್ಲಿ ವಿನಂತಿ, ನಾಳೆ ಮತ್ತು ನಾಡಿದ್ದು ನಲ್ಲಿಯಲ್ಲಿ ನೀರು ಬರುವುದಿಲ್ಲ" ಎಂದು ಶುರುವಾಗುತ್ತಿತ್ತು. ಕೊನೆಯಲ್ಲಿ ಮೈಕು ಆರಿಸುವುದನ್ನು ಮರೆತಿದ್ದ. ಒಂದು ಕೆಮ್ಮು. ಆಮೇಲೆ ಮೆಲ್ಲಗೆ, "ಬೋರೀ, ಒಂದು ಲೋಟ ನೀರು ಕೊಡೇ."

ಅಷ್ಟೇ. ದಿನಾ ಬೆಳಿಗ್ಗೆ ಬೋರಮ್ಮ ಅಂಗಡಿಯ ಬಾಗಿಲು ತೆಗೆದು, ಕಸ ಗುಡಿಸಿ, ಅದನ್ನೊಂದು ಸಲ ಕೇಳುತ್ತಿದ್ದಳು. ಗಿರಾಕಿ ಆಮೇಲೆ.

ಅರ್ಜಿ ಟೈಪು ಮಾಡುವುದು ಓಬಯ್ಯನ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡುವುದರಲ್ಲಿ ಅವನು ಗಟ್ಟಿಗ. ಕಾಗದದ ಮೇಲೆ ಕಾಫಿ ಚೆಲ್ಲಿದ್ದರೆ 'ಇಲ್ಲಿ ಕಾಫಿ ಕಲೆ' ಎಂದೂ ಟೈಪು ಮಾಡುತ್ತಿದ್ದ.

ಶಾಲೆಗಳು ಶುರುವಾಗುವ ಕಾಲ ಬಂತು. ಮಕ್ಕಳ ಫೋಟೋಕ್ಕೆ ಗಿರಾಕಿಗಳು ಬಂದರು. ಫೋಟೋದ ಹಿಂದಿನ ಗೋಡೆಯನ್ನು ಬೆಳ್ಳಗೆ ಮಾಡುವ ಸಾಫ್ಟ್‌ವೇರ್ ಬೇಕಾಯಿತು.

"ಪುಕ್ಕಟೆ ಸಿಗೋವು ಬೇಕಾದಷ್ಟಿವೆಯಂತೆ. ಹಾಕಿ ನೋಡು," ಎಂದಳು ಬೋರಮ್ಮ.

"ಆಗಲಿ ಅವ್ವಾ."

ಓಬಯ್ಯ ಹಾಕಿದ. ಒಂದು ಹಾಕಿದ, ಎರಡು ಹಾಕಿದ, ಹತ್ತೊಂಬತ್ತು ಹಾಕಿದ. ಒಂದೊಂದೂ "ಜೊತೆಗೆ ಇದನ್ನೂ ಹಾಕಲೇ?" ಎಂದು ಕೇಳಿತು. ಕೇಳಿದವರಿಗೆ ಇಲ್ಲ ಅನ್ನಬಾರದು ಎಂದು ಅಪ್ಪ ಹೇಳಿದ್ದನಲ್ಲ! ಎಲ್ಲದಕ್ಕೂ ಹೂಂ ಎಂದ.

ಮರುದಿನ ಕಂಪ್ಯೂಟರು ಕಣ್ಣು ಬಿಡಲು ಅರ್ಧ ಗಂಟೆ ಹಿಡಿಯಿತು. ತುಂಬು ಗಬ್ಬದ ಎಮ್ಮೆ ಕೆಸರಿನಿಂದ ಏಳುವ ಹಾಗೆ ಎದ್ದಿತು. ಬೋರಮ್ಮ ಗಂಡನ ದನಿ ಹಾಕಿದಳು. "ಬೋ... ರೀ... ಒಂ... ದು..." ಸಾಯುವ ದಿನ ಆಸ್ಪತ್ರೆಯಲ್ಲಿ ಅವನು ಹೀಗೆಯೇ ತಡೆ ತಡೆದು ಮಾತಾಡಿದ್ದ. ಬೋರಮ್ಮ ಎರಡೂ ಕಿವಿ ಮುಚ್ಚಿಕೊಂಡಳು.

"ಏನು ಮಾಡಿದೆಯೋ ಇದಕ್ಕೆ?"

"ಹಾಕಿ ನೋಡು ಅಂದೆಯಲ್ಲ ಅವ್ವಾ. ಹಾಕಿದೆ. ನೋಡ್ತಾ ಇದೀನಿ."

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕಲ್ಲುಗುಂಡೇ! ಹತ್ತೊಂಬತ್ತು ಜನ ನೆಂಟರನ್ನ ಒಂದೇ ದಿನ ಮನೆಗೆ ತುಂಬಿಸ್ತಾರೇನೋ? ಒಂದು ಹಾಕಬೇಕು, ನೋಡಬೇಕು. ನೋಡಿ ಆಯ್ತೋ, ಆಗಲೇ ತೆಗೆದು ಬಿಸಾಕಬೇಕು! ತಿಳೀತಾ?"

"ತಿಳೀತು ಅವ್ವಾ. ನೋಡಿ ಆಯ್ತೋ, ತೆಗೆದು ಬಿಸಾಕಬೇಕು."

ಓಬಯ್ಯ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಎಂದೂ ತಪ್ಪಿದವನಲ್ಲ.

ಆ ವಾರ ಹನುಮಂತರೆಡ್ಡಿ ಬಂದರು. ಜಮೀನಿನ ಅಳತೆ ತಪ್ಪಾಗಿದೆಯೆಂದು ಆರು ಪುಟದ ಅರ್ಜಿ. ಕುಂಟುವ ಕಂಪ್ಯೂಟರಿನಲ್ಲಿ ಓಬಯ್ಯ ಎರಡು ದಿನ ಕೂತು ಟೈಪು ಮಾಡಿದ. ರೆಡ್ಡಿಯವರು ಕನ್ನಡಕ ಹಾಕಿಕೊಂಡು, ಪರದೆಗೆ ಮೂಗು ತಾಗಿಸಿಕೊಂಡು, ಆರೂ ಪುಟ ಓದಿದರು.

"ನೋಡಿ ಆಯ್ತಪ್ಪ. ಒಂದು ತಪ್ಪಿಲ್ಲ. ಭೇಷ್!"

ಓಬಯ್ಯ ಟಪ್ಪನೆ ಗುಂಡಿ ಒತ್ತಿದ. ಪರದೆ ಬೆಳ್ಳಗಾಯಿತು.

"ಎಲ್ಲೋ ನನ್ನ ಅರ್ಜಿ?"

"ನೋಡಿ ಆಯ್ತಲ್ಲ ರೆಡ್ಡಿಯವರೇ. ತೆಗೆದು ಬಿಸಾಕಿದೆ."

"ಬೋರಮ್ಮಾ!" ರೆಡ್ಡಿಯವರು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ನಿನ್ನ ಗಂಡ ಇದ್ದಿದ್ದರೆ ಮೈಕಲ್ಲಿ ಸಾರಿಸ್ತಿದ್ದೆ, ಈ ಊರಲ್ಲೊಂದು ಕತ್ತೆ ಕಂಪ್ಯೂಟರ್ ಒತ್ತುತ್ತೆ ಅಂತ!"

ಬೋರಮ್ಮ ಹಣೆ ಚಚ್ಚಿಕೊಂಡಳು. "ಲೋ ಮಡ್ಡಿ! ತೆಗೆಯೋಕೆ ಮುಂಚೆ ಇನ್ನೊಂದು ಕಡೆ ನಕಲು ಇಟ್ಕೋಬೇಕು ಕಣೋ! ನಕಲು ಇಡದೆ ಯಾವುದನ್ನೂ ತೆಗೀಬಾರದು!"

"ಆಗಲಿ ಅವ್ವಾ. ನಕಲು ಇಟ್ಟು ತೆಗೀಬೇಕು."

ಮಗನಿಗೆ ಹೇಳಿದ ಮಾತು ಬೋರಮ್ಮನ ಎದೆಯಲ್ಲಿಯೇ ನಾಟಿಕೊಂಡಿತು. ಗಂಡನ ದನಿಗೆ ನಕಲು ಎಲ್ಲಿದೆ? ಅವತ್ತೇ ಕಂಪ್ಯೂಟರ್ ರಿಪೇರಿಯ ಜಬೀಉಲ್ಲಾನನ್ನು ಕರೆಸಿ, ದನಿಯನ್ನು ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡಳು. ಅದಕ್ಕೆ ಬಿಳಿ ಟೇಪು ಸುತ್ತಿ, 'ಪಾಲಯ್ಯ' ಎಂದು ತಾನೇ ಬರೆದು, ಓಬಯ್ಯನ ಕಣ್ಣೆದುರಿಗೇ ಮನೆಯ ಸಾಸಿವೆ ಡಬ್ಬಿಯೊಳಗೆ ಹುಗಿದಿಟ್ಟಳು.

"ನಾಡಿದ್ದು ಬರ್ತೀನಿ ಬೋರಕ್ಕಾ," ಎಂದ ಜಬೀಉಲ್ಲಾ. "ಅಷ್ಟರಲ್ಲಿ ಆ ಹತ್ತೊಂಬತ್ತನ್ನ ತೆಗೆಸಿಡು."

ಜಬೀಉಲ್ಲಾ ಬಂದು ನೋಡಿದಾಗ ಕಂಪ್ಯೂಟರು ಏಳಲೇ ಇಲ್ಲ. ಓಬಯ್ಯ ಹತ್ತೊಂಬತ್ತಕ್ಕೂ ನಕಲು ಇಟ್ಟಿದ್ದ. ನಕಲಿಗೂ ಒಂದು ನಕಲು ಇಟ್ಟಿದ್ದ. ಆಮೇಲೆ ಪರದೆಯ ಮೇಲಿದ್ದ ಹತ್ತೊಂಬತ್ತು ಪುಟ್ಟ ಚಿತ್ರಗಳನ್ನು ಅಳಿಸಿ, ಕೈ ತೊಳೆದುಕೊಂಡು ಊಟಕ್ಕೆ ಕೂತಿದ್ದ.

ಜಬೀಉಲ್ಲಾ ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಓಬಣ್ಣಾ, ನಕಲು ಇಡೋದು ಬೆಲೆ ಬಾಳೋದಕ್ಕೆ. ಕಸಕ್ಕೆ ಯಾರಾದ್ರೂ ನಕಲು ಇಡ್ತಾರಾ? ಚಿತ್ರ ಅಳಿಸಿದರೆ ಬಾಗಿಲ ಮೇಲಿನ ಹೆಸರು ಒರೆಸಿದ ಹಾಗೆ ಅಷ್ಟೇ. ಒಳಗಿರೋನು ಒಳಗೇ ಇರ್ತಾನೆ."

ಅವನು ಹೇಗೋ ಕಂಪ್ಯೂಟರನ್ನು ಎಬ್ಬಿಸಿ, ಓಬಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. "ನೋಡು, ಇಲ್ಲಿ ಪಟ್ಟಿ ಇದೆ. ಬೇಡದ್ದನ್ನ ಪಟ್ಟಿಯಿಂದ ತೆಗೆಯೋದು. ಆಮೇಲೂ ಮೂಲೆ ಮೂಲೇಲಿ ಚೂರುಪಾರು ಉಳಿದಿರುತ್ತೆ. ಅದರ ಹೆಸರು ಹಾಕಿ ಹುಡುಕು. ಆ ಹೆಸರು ಎಲ್ಲಿ ಕಂಡರೂ ಬಿಡಬೇಡ. ಬೇರು ಸಮೇತ ಕಿತ್ತು, ಕಸದ ಬುಟ್ಟೀನೂ ಖಾಲಿ ಮಾಡು. ಗುರುತು ಕೂಡ ಉಳೀಬಾರದು."

"ಕೇಳಿಸ್ತಾ?" ಎಂದಳು ಬೋರಮ್ಮ, ಮಗನ ಕಿವಿ ಹಿಂಡಿ. "ಇನ್ನು ಮುಂದೆ ಏನು ತೆಗೆದರೂ ಹೀಗೇ ತೆಗೀಬೇಕು!"

ಈ ಮಾತು ಹೇಳಿದವಳು ಅವಳೇ. ಮುಂದೆ ಅವಳು ಅದನ್ನು ಎಷ್ಟು ಸಲ ನೆನೆಸಿಕೊಂಡಳೋ, ಲೆಕ್ಕವಿಲ್ಲ.

"ಆಗಲಿ ಅವ್ವಾ. ಹೆಸರು ಎಲ್ಲಿ ಕಂಡರೂ ಬಿಡಬಾರದು."

ಸಾಯಂಕಾಲದ ಹೊತ್ತಿಗೆ ಕಂಪ್ಯೂಟರು ಜಿಂಕೆಯಾಯಿತು. "ಬೋರೀ, ಒಂದು ಲೋಟ ನೀರು ಕೊಡೇ." ಎಷ್ಟು ದಿನದ ಮೇಲೆ, ಎಷ್ಟು ಸ್ಪಷ್ಟವಾಗಿ! ಬೋರಮ್ಮ ಅವತ್ತು ಎರಡು ಸಲ ಕೇಳಿದಳು.

ಮುಂದಿನ ತಿಂಗಳು ರೇಷನ್ ಅಂಗಡಿಯವನು ತಾಯಿ ಮಗ ಇಬ್ಬರೆದುರೂ ತಕರಾರು ತೆಗೆದ. "ಸತ್ತೋರ ಹೆಸರು ಕಾರ್ಡಿನಲ್ಲಿ ಇರೋ ಹಾಗಿಲ್ಲ ಬೋರಮ್ಮ. ತೆಗೆಸಿಬಿಡು."

ಅವತ್ತು ಬೋರಮ್ಮ ಪೇಪರಿನ ಬಂಡಲು ತರಲು ಚಳ್ಳಕೆರೆಗೆ ಹೊರಟಿದ್ದಳು. ಬಸ್ಸು ಹಾರ್ನು ಹೊಡೆಯುತ್ತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೂಗಿದಳು.

"ಓಬಯ್ಯಾ! ನಿಮ್ಮಪ್ಪನ ಹೆಸರು ತೆಗೀಬೇಕಂತೆ ಕಣೋ! ಕಂಪ್ಯೂಟರಲ್ಲಿ ಕೂತು ತೆಗೆದಿಡು!"

"ಆಗಲಿ ಅವ್ವಾ!"

ನಾಲ್ಕು ಗಂಟೆಗೆ ಬಸ್ಸಿಳಿದವಳು ತಲೆಯೆತ್ತಿ ನೋಡಿದಳು. ಬೋರ್ಡಿನ ಮೇಲೆ ಬರೀ 'ಪ್ರಿಂಟರ್ಸ್' ಎಂದಿತ್ತು. ಬಂಡಲು ಕೈಜಾರಿ ಬಿತ್ತು.

"ಏನೋ ಇದು?"

"ಹೆಸರು ತೆಗೆ ಅಂದೆಯಲ್ಲ ಅವ್ವಾ."

ಅವಳು ಒಳಗೆ ಓಡಿದಳು. ದನಿಯಿದ್ದ ಜಾಗ ಖಾಲಿ.

"ಪಾಲಯ್ಯ ಅಂತ ಹಾಕಿ ಹುಡುಕಿದೆ. ನಲವತ್ತೊಂದು ಕಡೆ ಇತ್ತು. ಬೇರು ಸಮೇತ ಕಿತ್ತೆ. ಕಸದ ಬುಟ್ಟೀನೂ ಖಾಲಿ. ಈಗ ಇನ್ನೂ ಜೋರಾಗಿ ಓಡುತ್ತೆ ನೋಡು!"

"ಸಾಸಿವೆ ಡಬ್ಬೀಲಿ ಇದ್ದದ್ದು?"

"ಅದರ ಮೇಲೂ ಹೆಸರಿತ್ತು. ಒಲೆಗೆ ಹಾಕಿದೆ. ಸಾಸಿವೆ ಹಾಗೇ ಇದೆ ಅವ್ವಾ, ಹೆದರಬೇಡ."

"ಕಾರ್ಡಿನಲ್ಲಿ ತೆಗೆದೆಯಾ?"

"ಅಲ್ಲಿ ಮಾತ್ರ ಆಗಲಿಲ್ಲ. ಅಪ್ಪನ ಮೊಬೈಲಿಗೆ ನಂಬರು ಕಳಿಸಿದೀವಿ, ಅದನ್ನ ಒತ್ತಿ ಅಂತು ಕಂಪ್ಯೂಟರು. ಕೇಳಿಕೊಂಡು ಬರೋಣ ಅಂತ ಅಪ್ಪನ ಸಮಾಧಿ ಹತ್ತಿರ ಹೋದೆ. ಎಷ್ಟು ಕೇಳಿದರೂ ಹೇಳಲಿಲ್ಲ. ಅಲ್ಲಿ ಕಲ್ಲಿನ ಮೇಲೂ ಹೆಸರಿತ್ತು. ಕುಡುಗೋಲಲ್ಲಿ ಹೆರೆದು ಬಂದೆ."

ಓಬಯ್ಯ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಆಮೇಲೆ ಬಂಡಲನ್ನು ಎತ್ತಿ ಒಳಗಿಟ್ಟ.

ಜಬೀಉಲ್ಲಾ ಬಂದ. ಮೂರು ದಿನ ಕಂಪ್ಯೂಟರಿನ ಹೊಟ್ಟೆ ಬಗೆದು ಹುಡುಕಿದ. ಈ ಸಲ ನಗಲಿಲ್ಲ. "ಬೋರಕ್ಕಾ, ಸಿಗಲಿಲ್ಲ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ತೆಗೆದಿದ್ದಾನೆ," ಎಂದ. ಚಹಾ ಕುಡಿಯದೆ ಹೊರಟುಹೋದ.

ನಾಲ್ಕನೆಯ ದಿನ ಬೆಳಿಗ್ಗೆ ಬೋರಮ್ಮ ಮಗನನ್ನು ಕರೆದಳು. ದನಿ ಏರಿಸಲಿಲ್ಲ.

"ಕಪ್ಪು ಪೇಂಟಿನ ಡಬ್ಬಿ ತಗೊಂಡು ಹೋಗಿ, ಕಲ್ಲಿಗೆ ನಿಮ್ಮಪ್ಪನ ಹೆಸರು ಬರೆದು ಬಾ. ಬರಹ ಇಲ್ಲದ ಕಲ್ಲಿಗೆ ಬರಿ. ಬರಹ ಇರೋ ಕಲ್ಲು ಬೇರೆಯವರದ್ದು, ಅದನ್ನ ಮುಟ್ಟಬೇಡ. ತಿಳೀತಾ?"

"ತಿಳೀತು ಅವ್ವಾ."

ಮಧ್ಯಾಹ್ನವಾದರೂ ಮಗ ಬರಲಿಲ್ಲ. ಬೋರಮ್ಮ ಒಂದು ಲೋಟ ನೀರು ತುಂಬಿಕೊಂಡು ಸುಡುಗಾಡಿಗೆ ನಡೆದಳು. ಸಮಾಧಿಯ ಬುಡಕ್ಕೆ ಇಟ್ಟು ಬರೋಣವೆಂದು. ಹೆಸರಿರುವ ಕಲ್ಲಾದರೂ ಒಂದು ಉಳಿಯಿತಲ್ಲ ಎಂದುಕೊಂಡಳು.

ಊರಿನ ಬಡವರು ಹೆಸರು ಬರೆಸುವುದಿಲ್ಲ; ಒಂದು ಬರಿಗಲ್ಲು ನೆಟ್ಟು ಬರುತ್ತಾರೆ. ಸುಡುಗಾಡಿನ ತುಂಬ ಅಂಥವೇ. ಗೇಟಿನ ಹತ್ತಿರದ ಮೊದಲ ಕಲ್ಲಿನ ಮೇಲೆ ದಪ್ಪ ಕಪ್ಪಕ್ಷರದಲ್ಲಿ 'ಪಾಲಯ್ಯ' ಎಂದಿತ್ತು. ಅದರ ಪಕ್ಕದ್ದರ ಮೇಲೆ ಪಾಲಯ್ಯ. ಅದರಾಚೆಯದ್ದರ ಮೇಲೆ ಪಾಲಯ್ಯ. ಕೂಸುಗಳನ್ನು ಹೂತ ಕಡೆಯ ಮೊಳದುದ್ದದ ಕಲ್ಲುಗಳ ಮೇಲೂ ಪುಟ್ಟದಾಗಿ ಪಾಲಯ್ಯ.

ಓಬಯ್ಯ ಬಿಸಿಲಿನಲ್ಲಿ ಬೆವರು ಸುರಿಸುತ್ತ ಓಡಿ ಬಂದ. "ಅರವತ್ತೆರಡು ಅವ್ವಾ! ಬರಹ ಇಲ್ಲದ ಕಲ್ಲು ಒಂದೂ ಬಿಟ್ಟಿಲ್ಲ!"

ಬೋರಮ್ಮ ಬೇಲಿಯ ಪಕ್ಕದ ಜಾಲಿಮರದ ಕಡೆ ನಡೆದಳು. ಗಂಡನ ಕಲ್ಲು ಅಲ್ಲಿತ್ತು. ಅದರ ಮೇಲೆ ಕುಡುಗೋಲಿನ ಗೀರುಗಳಿದ್ದವು. ಹೆಸರಿರಲಿಲ್ಲ.

"ಇದಕ್ಕೆ ಯಾಕೋ ಬರೀಲಿಲ್ಲ?"

"ಅದರ ಮೇಲೆ ಏನೋ ಗೀಚಿದಾರೆ ನೋಡವ್ವಾ. ಬರಹ ಇರೋ ಕಲ್ಲು ಬೇರೆಯವರದ್ದು, ಮುಟ್ಟಬೇಡ ಅಂದೆಯಲ್ಲ."

"ಬ್ರಷ್ಷು ಕೊಡು ಇಲ್ಲಿ."

"ಪೇಂಟು ಮುಗೀತು ಅವ್ವಾ."

ಬೋರಮ್ಮ ಕಲ್ಲಿನ ಎದುರು ಕೂತಳು. ಲೋಟದ ನೀರಿನಲ್ಲಿ ಬೆರಳು ಅದ್ದಿ, ಗೀರುಗಳ ಮೇಲೆ ಒಂದೊಂದೇ ಅಕ್ಷರ ಬರೆದಳು. ಬಿಸಿಲಿಗೆ ಕಲ್ಲು ಕಾದಿತ್ತು. ಕೊನೆಯ ಅಕ್ಷರ ಬರೆಯುವ ಹೊತ್ತಿಗೆ ಮೊದಲ ಅಕ್ಷರ ಆರುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

ಓಬಯ್ಯ ಹಿಂದೆ ನಿಂತು ತಾನೂ ನೋಡಿದ.

"ನೋಡಿ ಆಯ್ತಾ ಅವ್ವಾ?"

"ಆಯ್ತಪ್ಪ," ಎಂದಳು ಬೋರಮ್ಮ.

ಓಬಯ್ಯ ಹೆಗಲ ಮೇಲಿನ ಟವೆಲು ತೆಗೆದು, ಬಗ್ಗಿ, ಉಳಿದಿದ್ದ ಅಕ್ಷರಗಳನ್ನು ಚೆನ್ನಾಗಿ ಒರೆಸಿದ. ಕೂದಲೆಳೆಯಷ್ಟೂ ಉಳಿಯಲಿಲ್ಲ.