ಮಾಳವ್ವನ ಕಲ್ಲಿನ ಕಣ್ಣು

ಹೊಳೆದಂಡೆಯ ಆಶ್ರಮದಲ್ಲಿ ತಿಪ್ಪಣಾರ್ಯರು ಹಳೆಯ ಕಾವ್ಯಗಳ ಪಾಠ ಹೇಳುತ್ತಿದ್ದರು. ಶಿಷ್ಯರಲ್ಲಿ ಚೆನ್ನಾಗಿ ಪದ್ಯ ಕಟ್ಟುತ್ತಿದ್ದವನು ಬೊಪ್ಪಣ್ಣ ಒಬ್ಬನೇ. ಅದು ಅವನಿಗೂ ಗೊತ್ತಿತ್ತು.

ಆ ವರ್ಷ ಬೊಪ್ಪಣ್ಣನ ತಂಗಿ ಮಾಳವ್ವನ ಗಂಡ ಗಡಿಜಗಳದಲ್ಲಿ ಸತ್ತ. ಗಂಡನ ಮನೆಯವರು ಅವಳನ್ನೂ ಅವನ ಚಿತೆಗೆ ಏರಿಸಿದರು. ಆಮೇಲೆ ಪದ್ಧತಿಯಂತೆ ಊರಬಾಗಿಲಲ್ಲಿ ಅವಳ ಹೆಸರಿನ ಮಾಸ್ತಿಕಲ್ಲು ನಿಲ್ಲಿಸಲು ಹೊರಟರು. ಸುಟ್ಟ ಮೇಲೆ ಪೂಜೆಗೇನೂ ಬರವಿಲ್ಲ.

ಕಲ್ಲಿನ ಮೇಲಿನ ಪದ್ಯವನ್ನು ಅಣ್ಣನೇ ಬರೆಯಲಿ, ಚೆನ್ನಾಗಿದ್ದರೆ ಆಸ್ಥಾನದಲ್ಲಿ ಜಾಗ ಕೊಡುತ್ತೇನೆ ಎಂದು ಪಾಳೆಯಗಾರ ಹೇಳಿ ಕಳಿಸಿದ. ಬೊಪ್ಪಣ್ಣ ಬರೆದ. ಗುರುಗಳಿಗೆ ತೋರಿಸಲು ಬಂದ.

"ಓದು," ಎಂದರು ಗುರುಗಳು.

ಸಂಜೆಯ ತಾವರೆಯಂತೆ ಮೆಲ್ಲನೆ ಕಣ್ಣು ಮುಚ್ಚಿ, ಗಂಡನನ್ನು ನೆನೆಯುತ್ತ ಮಾಳವ್ವ ಬೆಂಕಿಗೆ ನಡೆದಳು ಎಂದು ಪದ್ಯ ಹೇಳುತ್ತಿತ್ತು. ಪ್ರಾಸ ಒಂದೂ ತಪ್ಪಿರಲಿಲ್ಲ.

"ಕಣ್ಣು ಮುಚ್ಚಿದಳು ಅನ್ನೋದು ಎಲ್ಲಿಂದ ಬಂತು?"

"ನೀವೇ ಹೇಳಿಕೊಟ್ಟದ್ದಲ್ಲವೇ? ಹಳೆಯ ಕಾವ್ಯಗಳಲ್ಲಿ ಬೆಂಕಿಗೆ ಹೋಗೋ ಹೆಂಗಸರೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಾರೆ."

"ಹೇಳಿಕೊಟ್ಟೆ, ಹೌದು. ನೀನು ಎಲ್ಲಿ ನಿಂತಿದ್ದೆ?"

"ಎದುರಿಗೆ. ತವರಿನವರು ಎದುರು ನಿಲ್ಲಬೇಕಲ್ಲ."

"ಮುಚ್ಚಿದಳೇನು?"

ಬೊಪ್ಪಣ್ಣ ಓಲೆಗರಿಯನ್ನು ತಿರುಗಿಸಿ ನೋಡಿದ, ಹಿಂದುಗಡೆ ಉತ್ತರ ಇದೆಯೇನೋ ಎಂಬಂತೆ.

"ಹೊಗೆ ತುಂಬಿತ್ತು ಸ್ವಾಮಿ."

"ಹೊಗೆ ಏಳೋದಕ್ಕೆ ಮುಂಚೆ?"

"ಮುಚ್ಚಲಿಲ್ಲ. ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡ್ತಾ ಬಂದಳು. ಕೊನೆಗೆ ನನ್ನನ್ನು ಕಂಡಳು. 'ಅಣ್ಣಾ' ಅಂದಳು. ತಮಟೆ ಬಡೀತಿದ್ದರು, ಕೇಳಿಸಲಿಲ್ಲ. ತುಟಿ ನೋಡಿ ಗೊತ್ತಾಯ್ತು."

"ಆಮೇಲೆ?"

"ಆಮೇಲೆ ನಾನು ಕಣ್ಣು ಮುಚ್ಚಿಕೊಂಡೆ."

ಅವನು ಅತ್ತ. ಗುರುಗಳು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿದ್ದ ಹಳೆಯ ಕಾವ್ಯದ ಕಟ್ಟನ್ನು ಕಾಲಿನಿಂದ ಅತ್ತ ಸರಿಸಿದರು. ಶಿಷ್ಯ ಬೆಚ್ಚಿಬಿದ್ದ.

"ಆಯುಸ್ಸೆಲ್ಲ ಇದನ್ನೇ ಓದಿಸಿದೆ. ಬರೆದವರು ಎಲ್ಲಿ ನಿಂತಿದ್ದರು ಅಂತ ಒಂದು ದಿನವೂ ಕೇಳಲಿಲ್ಲ."

ಓಲೆ ಬರೆಯುವ ಕಬ್ಬಿಣದ ಕಂಟ ತೆಗೆದುಕೊಂಡು ಬೊಪ್ಪಣ್ಣನ ಓಲೆಯ ಮೇಲೆ ಕಣ್ಣು ಮುಚ್ಚಿದ ಸಾಲನ್ನು ಅಡ್ಡಕ್ಕೆ ಗೀರಿದರು.

"ಕಲ್ಲುಕುಟಿಗ ಹೊರಗೆ ಕಾಯ್ತಿದ್ದಾನೆ," ಎಂದ ಬೊಪ್ಪಣ್ಣ. "ಪದ್ಯದಲ್ಲಿ ಇದ್ದ ಹಾಗೆ ಮುಖ ಕೆತ್ತುತ್ತಾನಂತೆ. ಅವನಿಗೆ ಏನು ಹೇಳಲಿ?"

"ಕಣ್ಣು ತೆರೆದಿರಲಿ ಅನ್ನು."

"ಪಾಳೆಯಗಾರರು ಒಪ್ಪೋದಿಲ್ಲ. ಆಸ್ಥಾನದ ಮಾತು ಅಲ್ಲಿಗೆ ಮುಗೀತು."

"ಮುಗೀತು."

"ಅದು ಹಾಳಾಗಲಿ ಗುರುಗಳೇ. ಆ ಊರಬಾಗಿಲನ್ನು ನಾನು ದಿನಾ ದಾಟಬೇಕು. ಅವಳು ಹಾಗೆ ನನ್ನನ್ನೇ ನೋಡ್ತಾ ನಿಂತಿದ್ದರೆ ಹೇಗೆ ಹೋಗಲಿ?"

ತಿಪ್ಪಣಾರ್ಯರು ಓಲೆಗರಿಯನ್ನು ಅವನ ಕೈಗೆ ಹಿಂದಕ್ಕೆ ಕೊಟ್ಟರು.

"ಆವತ್ತಿನ ಹಾಗೇ ಕಣ್ಣು ಮುಚ್ಚಿಕೊಂಡು ಹೋಗು."