ಅರ್ಥವಾಯಿತೇ ಎಂದ ಮೇಷ್ಟ್ರು

"ಗುರುಗಳೇ, ಶಾಲೆಯ ಕೆಲಸ ಬಿಟ್ಟುಬಿಡಲೇ?" ಎಂದು ಚೆನ್ನವೀರ ಕೇಳಿದ. ಅವನು ಗಣಿತದ ಮೇಷ್ಟ್ರು. "ತರಗತಿಯಲ್ಲಿ ಕೂರುವ ಮಕ್ಕಳು ಬೆರಳೆಣಿಕೆಯಷ್ಟು. ನನ್ನ ಪಾಠದ ವೀಡಿಯೊ ನೋಡುವವರು ಲಕ್ಷಾಂತರ. ಏನು ಮಾಡಬೇಕೋ ತೋಚುತ್ತಿಲ್ಲ."

"ನಿನಗೆ ತೋಚದ್ದು ನನಗೆಲ್ಲಿ ತೋಚೀತು? ಮೊಬೈಲಿಗೆ ಕರೆ ಬಂದರೆ ಯಾವ ಕಡೆ ಎಳೆಯಬೇಕೆಂದು ಇವತ್ತಿಗೂ ತಡಕಾಡುವವನು ನಾನು. ಒಂದು ಕತೆ ಹೇಳುತ್ತೇನೆ, ಕೇಳು" ಎಂದರು ಗುರುಗಳು.

ಒಬ್ಬ ಮೇಷ್ಟ್ರಿದ್ದರು. ಗೋಡೆಗೆ ಬೋರ್ಡು ಹಾಕಿ, ಎದುರಿಗೆ ಮೊಬೈಲ್ ನಿಲ್ಲಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಲೆಕ್ಕ ಮುಗಿದಾಗ "ಅರ್ಥವಾಯಿತೇ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಅದು ತರಗತಿಯಿಂದ ಬಂದ ಅಭ್ಯಾಸ. ನೋಡುವವರು ಸರಿಯಾಗಿ ಆ ಸುಮ್ಮನಿದ್ದ ಜಾಗದಲ್ಲೇ ಬೇರೆ ವೀಡಿಯೊಗೆ ಹೋಗಿಬಿಡುತ್ತಿದ್ದರು. ಇದನ್ನು ಕಂಡುಕೊಂಡ ಮೇಷ್ಟ್ರು ಆ ಜಾಗವನ್ನು ಕತ್ತರಿಸಿ ಹಾಕತೊಡಗಿದರು. "ಅರ್ಥವಾಯಿತೇ? ಆಯಿತಲ್ಲ, ಮುಂದೆ ಹೋಗೋಣ" ಎಂಬುದು ಅವರ ಮಾತಿನ ವರಸೆಯೇ ಆಯಿತು. ನೋಡುವವರು ಹೆಚ್ಚಿದರು, ಹೆಸರು ಬಂತು. ಮೇಷ್ಟ್ರು ಶಾಲೆ ಬಿಟ್ಟರು.

ಒಂದು ದಿನ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ವಿಳಾಸ ಹುಡುಕಿಕೊಂಡು ಅವರ ಮನೆಗೆ ಬಂದಳು. ಮದುವೆಯಾಗಿ ಓದು ನಿಂತಿದ್ದ ಅವಳು ಈಗ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಳು. ಗಣಿತವೊಂದರಲ್ಲೇ ಮತ್ತೆ ಮತ್ತೆ ಫೇಲಾಗುತ್ತಿದ್ದಳು. ಇದೇ ಕೊನೆಯ ಸಲ, ಆಮೇಲೆ ಓದಿನ ಮಾತೆತ್ತಬಾರದು ಎಂದು ಮನೆಯಲ್ಲಿ ಹೇಳಿಯಾಗಿತ್ತು.

"ಭಿನ್ನರಾಶಿ ಭಾಗಿಸೋವಾಗ ಎರಡನೇದನ್ನ ತಲೆಕೆಳಗು ಮಾಡಿ ಗುಣಿಸಿ ಅಂತೀರಲ್ಲ ಸಾರ್, ಯಾಕೆ?" ಎಂದಳು.

ಮೇಷ್ಟ್ರು ವಿವರಿಸಿದರು. "ಅರ್ಥವಾಯಿತೇ? ಆಯಿತಲ್ಲ, ಮುಂದೆ..."

"ಇಲ್ಲ ಸಾರ್. ಮನೇಲಿ ನೋಡೋವಾಗ್ಲೂ ಪ್ರತಿ ಸಲ ಇಲ್ಲ ಸಾರ್ ಅಂತಿದ್ದೆ. ನಾನು ಅನ್ನೋದ್ರೊಳಗೆ ನೀವು ಮುಂದಿನ ಲೆಕ್ಕಕ್ಕೆ ಹೋಗಿಬಿಡ್ತಿದ್ರಿ."

ಮೇಷ್ಟ್ರಿಗೆ ಗಾಬರಿಯಾಯಿತು. ಇಲ್ಲ ಎಂಬ ಮಾತು ಅವರ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಮೊದಲೆಲ್ಲ ಮಕ್ಕಳು ಇಲ್ಲ ಎಂದಾಗ ತಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಹೇಳಿದ್ದನ್ನೇ ಅದೇ ಮಾತುಗಳಲ್ಲಿ ಇನ್ನೊಮ್ಮೆ ಹೇಳಿದರು. ಅವಳು ಕೈಮುಗಿದು ಹೊರಟುಹೋದಳು.

ಮರುದಿನ ಮೊಬೈಲ್ ಎದುರು ಲೆಕ್ಕ ಮುಗಿಸಿ "ಅರ್ಥವಾಯಿತೇ?" ಎಂದರು. ಮುಂದಕ್ಕೆ ಮಾತು ಹೊರಡಲಿಲ್ಲ. ಎಲ್ಲೋ ಯಾರೋ ಇಲ್ಲ ಅನ್ನುತ್ತಿರಬಹುದು. ಎಷ್ಟು ಹೊತ್ತು ಕಾಯಬೇಕು? ಕಾದರೆ ಕೇಳಿಸುತ್ತದೆಯೇ? ಹಾಗೆ ನೋಡಿದರೆ, ಶಾಲೆಯ ಮಕ್ಕಳು ಹೌದು ಅಂದದ್ದೆಲ್ಲ ನಿಜವಾಗಿತ್ತೇ? ಮೇಷ್ಟ್ರು ಚಾಕ್‌ಪೀಸ್ ಹಿಡಿದುಕೊಂಡು ನಿಂತೇ ಇದ್ದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಸುಮ್ಮನೆ ಕೂತರು.

ಚೆನ್ನವೀರನಿಗೆ ಆ ಮೌನವನ್ನು ತಡೆಯಲಾಗಲಿಲ್ಲ. "ಅರ್ಥವಾಯಿತು ಗುರುಗಳೇ, ಮುಂದೆ ಹೇಳಿ" ಎಂದ.

"ಅರ್ಥವಾಯಿತೇ ಎಂದು ನಾನಿನ್ನೂ ಕೇಳಿಯೇ ಇಲ್ಲವಲ್ಲಪ್ಪಾ" ಎಂದರು ಗುರುಗಳು.