ಗುರು ಕೊಟ್ಟ ಕಾಲಾಳು

ಹೊಳೆದಂಡೆಯ ಆಶ್ರಮದಲ್ಲಿ ಗುರು ಮುದ್ದಯ್ಯನವರು ಪಾಠದ ಜೊತೆಗೆ ಚದುರಂಗವನ್ನೂ ಕಲಿಸುತ್ತಿದ್ದರು. ಅವರನ್ನು ಆಟದಲ್ಲಿ ಸೋಲಿಸಿದವನು ಮಾತ್ರ ಹೊರಗೆ ಹೋಗಿ ತನ್ನದೇ ಪಾಠಶಾಲೆ ತೆರೆಯಬಹುದು. ಅದು ಅಲ್ಲಿನ ಕಟ್ಟಳೆ.

ಶಿಷ್ಯ ಹಾಲಪ್ಪನಿಗೆ ಹೊಳೆಯಾಚೆಯ ತನ್ನೂರಿನ ಮಕ್ಕಳಿಗೆ ಓದು ಕಲಿಸುವ ಆಸೆ. ಆದರೆ ವರ್ಷ ವರ್ಷವೂ ಸೋಲುತ್ತಿದ್ದ, ಅದೂ ಒಂದೇ ರೀತಿಯಲ್ಲಿ.

ಗುರುಗಳದು ಬಿಳಿ, ಇವನದು ಕಪ್ಪು. ಗುರುಗಳು ಮೊದಲು ಮಂತ್ರಿಯ ಮುಂದಿನ ಕಾಲಾಳನ್ನು ನಡೆಸುತ್ತಿದ್ದರು. ಆಮೇಲೆ ಅದರ ಪಕ್ಕದ ಕಾಲಾಳನ್ನು ತಂದು ಹಾಲಪ್ಪನ ಬಾಯಿಗೇ ಇಡುತ್ತಿದ್ದರು. ಗುರು ಕೊಟ್ಟದ್ದನ್ನು ಬೇಡವೆನ್ನುವ ಪದ್ಧತಿ ಆಶ್ರಮದಲ್ಲಿರಲಿಲ್ಲ. ಹಾಲಪ್ಪ ಪ್ರಸಾದವೆಂಬಂತೆ ಎತ್ತಿಕೊಳ್ಳುತ್ತಿದ್ದ. ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಹೆಣಗುವಷ್ಟರಲ್ಲಿ ಅವನ ರಾಜ ಸಿಕ್ಕಿಬೀಳುತ್ತಿದ್ದ.

ಈ ವರ್ಷವೂ ಹಲಗೆ ಹಾಸಿದರು.

"ಗೆಲ್ತೀಯೇನೋ?"

"ಗೆಲ್ತೀನಿ ಗುರುಗಳೇ. ದೋಣಿಯವನಿಗೆ ಹೇಳಿಟ್ಟೇ ಬಂದಿದ್ದೀನಿ."

"ಕೂಸು ಹುಟ್ಟೋ ಮುಂಚೆ ಕುಲಾವಿ," ಎಂದು ಗುರುಗಳು ಮಂತ್ರಿಯ ಕಾಲಾಳನ್ನು ನಡೆಸಿದರು. ಹಾಲಪ್ಪ ತನ್ನದೊಂದನ್ನು ಅದಕ್ಕೆದುರಾಗಿ ನಿಲ್ಲಿಸಿದ. ಹಿಂದೆಯೇ ಗುರುಗಳ ಪಕ್ಕದ ಕಾಲಾಳೂ ಬಂತು.

ಹಾಲಪ್ಪ ಅದನ್ನು ಮುಟ್ಟಲಿಲ್ಲ. ತನ್ನ ಕಾಲಾಳಿಗೆ ಇನ್ನೊಂದರ ಆಸರೆ ಕೊಟ್ಟು ಕೈಕಟ್ಟಿ ಕುಳಿತ.

"ಕೊಟ್ಟದ್ದು ತಗೊಳ್ಳಲ್ವೇನೋ?"

"ಹಸಿವಿಲ್ಲ ಗುರುಗಳೇ."

ಗುರುಗಳ ಹುಬ್ಬು ಮೇಲೇರಿತು.

ಮಧ್ಯಾಹ್ನದ ಹೊತ್ತಿಗೆ ಬಿಳಿಯ ರಾಜ ಮೂಲೆ ಸೇರಿದ. ಹಾಲಪ್ಪನ ಕಪ್ಪು ಆನೆ ನೇರ ಬಂದು ನಿಂತಿತು. ರಾಜನಿಗೆ ಸರಿಯಲು ಒಂದು ಮನೆಯೂ ಉಳಿದಿರಲಿಲ್ಲ.

ಹಾಲಪ್ಪ ಕಾಲಿಗೆರಗಿದ. ಗುರುಗಳು ಅವನನ್ನು ಎತ್ತಿ, ತಾವು ಕೂರುತ್ತಿದ್ದ ಪೀಠದ ಬಳಿಗೆ ಕರೆತಂದರು.

"ನನಗೂ ವಯಸ್ಸಾಯ್ತು. ನಿನ್ನೂರಲ್ಲಿ ಏನಿದೆ? ನಾಲ್ಕು ಮಕ್ಕಳು, ಒಂದು ಜಗಲಿ. ಇಲ್ಲೇ ಇರು. ಈ ಪೀಠ ನಿನಗೇ ಕೊಟ್ಟೆ."

ಹಾಲಪ್ಪನ ಎದೆ ಹಿಗ್ಗಿತು. ಅಷ್ಟು ದೊಡ್ಡ ಮಾತನ್ನು ಅವನಿಗೆ ಯಾರೂ ಆಡಿರಲಿಲ್ಲ. ಇನ್ನೇನು ಹೂಂ ಅನ್ನಬೇಕು, ಕಣ್ಣು ಹಲಗೆಯತ್ತ ಹೋಯಿತು. ತಾನು ಮುಟ್ಟದೆ ಬಿಟ್ಟ ಬಿಳಿ ಕಾಲಾಳು ಇನ್ನೂ ಅಲ್ಲೇ ನಿಂತಿತ್ತು.

"ಬೇಡ ಗುರುಗಳೇ. ದೋಣಿ ಕಾಯ್ತಾ ಇದೆ."

ಮುದ್ದಯ್ಯನವರು ಮನಸಾರೆ ನಕ್ಕರು. ಹಲಗೆಯನ್ನೂ ಕಾಯಿಗಳನ್ನೂ ಬಟ್ಟೆಯಲ್ಲಿ ಕಟ್ಟಿ ಅವನ ಮುಂದೆ ಹಿಡಿದರು. ಹಾಲಪ್ಪ ಕೈ ಹಿಂದಕ್ಕೆಳೆದುಕೊಂಡ.

"ಹಿಡ್ಕೋ," ಎಂದರು ಗುರುಗಳು. "ಇದು ನಾನು ಕೊಟ್ಟದ್ದಲ್ಲ, ನೀನು ಗೆದ್ದದ್ದು."